ಹುಡುಕಿದರೂ ಸಿಗದ ಸೈಟು: ಗೂಗಲ್ ಪಟ್ಟಿಗೆ ಸೇರಿಸುವುದು ಹೇಗೆ?

ಸಾಗರದ ಹತ್ತಿರದ ಹಳ್ಳಿಯಲ್ಲಿರುವ ನನ್ನ ಅತ್ತಿಗೆ ಮಿಡಿ ಉಪ್ಪಿನಕಾಯಿ ಮಾಡಿ ಮಾರುತ್ತಾರೆ. ಅಪ್ಪೆಮಿಡಿ, ಜೀರಿಗೆ ಪರಿಮಳದ್ದು. ಮೂರು ವರ್ಷ ವಾಟ್ಸಾಪಿನಲ್ಲೇ ಆರ್ಡರ್ ತಗೊಂಡರು. ಆಮೇಲೆ ಒಂದು ವೆಬ್‌ಸೈಟ್ ಮಾಡಿಸಿದರು. ಸೈಟ್ ನೋಡೋಕೆ ಚೆನ್ನಾಗೇ ಇತ್ತು. ಭರಣಿಯ ಫೋಟೊ, ಬೆಲೆ, ಫೋನ್ ನಂಬರ್ ಎಲ್ಲಾ ಇತ್ತು. ಆದರೆ ಗೂಗಲ್‌ನಲ್ಲಿ ಅದರ ಪೂರ್ತಿ ಹೆಸರು ಹಾಕಿ ಹುಡುಕಿದರೂ ಬರುತ್ತಿರಲಿಲ್ಲ. ಮೂರು ತಿಂಗಳು ಕಾದರು. ಅಷ್ಟರಲ್ಲಿ ಯಾರೋ ಒಬ್ಬ ಫೋನ್ ಮಾಡಿ, ಹದಿನೈದು ಸಾವಿರ ಕೊಟ್ಟರೆ ಮೊದಲ ಪುಟಕ್ಕೆ ತರಿಸುತ್ತೇನೆ ಅಂದಿದ್ದ. ಅತ್ತಿಗೆ ಹೆಚ್ಚುಕಮ್ಮಿ ಒಪ್ಪಿಬಿಟ್ಟಿದ್ದರು.

ನಾನು ರಜೆಗೆ ಹೋದಾಗ ಜಗಲಿ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತೆವು. ಸೈಟ್ ಕಟ್ಟಿದ್ದು ವೆಬ್‌ಸೈಟ್ ಮಾಡುವ ತಂತ್ರಾಂಶವಾದ ವರ್ಡ್‌ಪ್ರೆಸ್‌ನಲ್ಲಿ. ಸೆಟ್ಟಿಂಗ್ಸ್ ಒಳಗೆ ರೀಡಿಂಗ್ ಅಂತ ಇರುತ್ತದೆ. ಆ ಪುಟದ ಕೊನೆಯಲ್ಲಿ ಒಂದು ಪುಟ್ಟ ಚೌಕ. ಪಕ್ಕದಲ್ಲಿ ‘ಡಿಸ್ಕರೇಜ್ ಸರ್ಚ್ ಎಂಜಿನ್ಸ್ ಫ್ರಮ್ ಇಂಡೆಕ್ಸಿಂಗ್ ದಿಸ್ ಸೈಟ್’ ಎಂದು ಬರೆದಿತ್ತು. ಅಂದರೆ, ಸರ್ಚ್ ಎಂಜಿನ್‌ಗಳೇ, ಈ ಸೈಟನ್ನು ಸೇರಿಸಿಕೊಳ್ಳಬೇಡಿ. ಆ ಚೌಕದಲ್ಲಿ ಟಿಕ್ ಇತ್ತು. ಸೈಟ್ ಕಟ್ಟುತ್ತಿರುವಾಗ ಅರ್ಧಂಬರ್ಧ ಪುಟಗಳು ಹೊರಗೆ ಕಾಣದಿರಲಿ ಅಂತ ಹಾಕಿದ್ದು. ಕೆಲಸ ಮುಗಿದ ಮೇಲೆ ತೆಗೆಯಲು ಮರೆತಿದ್ದರು.

“ಎಂತ ಮಾರಾಯಾ ಇದು, ಒಂದು ಟಿಕ್ಕಿಗೆ ಮೂರು ತಿಂಗಳಾ?” ಅಂದರು ಅತ್ತಿಗೆ.

ಇದು ಅವರೊಬ್ಬರ ಕಥೆಯಲ್ಲ. ‘ಗೂಗಲ್ ನಮ್ಮ ಸೈಟ್ ತೋರಿಸೋದೇ ಇಲ್ಲ’ ಅಂತ ನನ್ನ ಹತ್ತಿರ ಬಂದವರಲ್ಲಿ ಬಹಳಷ್ಟು ಜನರ ಸೈಟೇ ಗೂಗಲ್‌ಗೆ ಬರಬೇಡ ಅಂತ ಹೇಳುತ್ತಿರುತ್ತದೆ. ಇಲ್ಲಾ, ಗೂಗಲ್ ಬಂದರೂ ಓದಲಾಗದ ಹಾಗೆ ಇರುತ್ತದೆ. ಹಾಗಾಗಿ ಈ ಬರಹದಲ್ಲಿ ಮೊದಲು ತಡೆ ಹುಡುಕೋಣ, ಆಮೇಲೆ ಗೂಗಲ್ಲನ್ನು ಕರೆಯೋಣ. ಇಲ್ಲಿ ಹೇಳುವ ಯಾವುದಕ್ಕೂ ಒಂದು ರೂಪಾಯಿ ಖರ್ಚಿಲ್ಲ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಮತದಾರರ ಪಟ್ಟಿಯಲ್ಲಿ ಹೆಸರಿರುವುದು ಬೇರೆ, ಚುನಾವಣೆ ಗೆಲ್ಲುವುದು ಬೇರೆ, ಅಲ್ವಾ? ಇಲ್ಲೂ ಹಾಗೇ. ಗೂಗಲ್‌ನ ತಂತ್ರಾಂಶ, ಅದನ್ನು ಗೂಗಲ್‌ಬಾಟ್ ಅಂತಾರೆ, ನಿಮ್ಮ ಪುಟಕ್ಕೆ ಬಂದು ಓದಬೇಕು. ಓದಿದ್ದನ್ನು ತನ್ನ ಪಟ್ಟಿಗೆ ಸೇರಿಸಿಕೊಳ್ಳಬೇಕು. ಇದಕ್ಕೆ ಇಂಡೆಕ್ಸ್ ಆಗುವುದು ಅನ್ನುತ್ತಾರೆ. ಯಾರಾದರೂ ಹುಡುಕಿದಾಗ ಆ ಪಟ್ಟಿಯಿಂದ ಆರಿಸಿ ತೋರಿಸಬೇಕು. ಮೊದಲ ಎರಡು ಆಗದೆ ಮೂರನೆಯದರ ಬಗ್ಗೆ ತಲೆ ಕೆಡಿಸಿಕೊಂಡು ಪ್ರಯೋಜನವಿಲ್ಲ.

ಸೈಟ್ ಪಟ್ಟಿಯಲ್ಲಿ ಇದೆಯಾ, ಇಲ್ವಾ?

ಗೂಗಲ್ ತೆರೆಯಿರಿ. ಇಂಗ್ಲಿಷ್ ಅಕ್ಷರದಲ್ಲಿ ‘ಸೈಟ್’ ಎಂದು ಟೈಪ್ ಮಾಡಿ, ಅದಕ್ಕೆ ಅಂಟಿಕೊಂಡೇ ಒಂದು ಕೋಲನ್ ಹಾಕಿ, ಜಾಗ ಬಿಡದೆ ನಿಮ್ಮ ಡೊಮೈನ್ ಹೆಸರು, ಅಂದರೆ ಸೈಟಿನ ವಿಳಾಸ, ಬರೆಯಿರಿ. ನಿಮ್ಮ ಪುಟಗಳು ಸಾಲಾಗಿ ಬಂದರೆ ಸೈಟ್ ಪಟ್ಟಿಯಲ್ಲಿದೆ. ಹಾಗಾದರೆ ನಿಮ್ಮ ತೊಂದರೆ ಬೇರೆ, ಈ ಬರಹದ ಕೊನೆಯ ಭಾಗಕ್ಕೆ ಹೋಗಿ. ಏನೂ ಬರದಿದ್ದರೆ ಬಹುಶಃ ಪಟ್ಟಿಯಲ್ಲಿಲ್ಲ. ಬಹುಶಃ ಅಂದೆ, ಯಾಕೆಂದರೆ ಈ ವಿಧಾನ ಎಲ್ಲಾ ಪುಟಗಳನ್ನೂ ತೋರಿಸುತ್ತದೆ ಅನ್ನುವ ಖಾತ್ರಿ ಇಲ್ಲ. ಗೂಗಲ್ಲೇ ಹಾಗೆ ಹೇಳಿದೆ. ಪಕ್ಕಾ ಉತ್ತರ ಗೂಗಲ್‌ನ ಉಚಿತ ಸಾಧನವಾದ ಸರ್ಚ್ ಕನ್ಸೋಲ್‌ನಲ್ಲಿ ಸಿಗುತ್ತದೆ. ಅಲ್ಲಿಗೆ ಆಮೇಲೆ ಬರೋಣ.

ಈ ಹುಡುಕಾಟದಲ್ಲಿ ನೀವು ಬರೆಯದೇ ಇರುವ ಪುಟಗಳು ಬಂದರೆ, ಉದಾಹರಣೆಗೆ ಜಪಾನಿ ಲಿಪಿಯಲ್ಲಿ ಬೂಟು, ಬ್ಯಾಗು ಮಾರುವ ಪುಟಗಳು, ಯಾರೋ ನಿಮ್ಮ ಸೈಟಿನೊಳಗೆ ನುಗ್ಗಿದ್ದಾರೆ ಅಂತ ಅರ್ಥ. ಇದು ತೀರಾ ಹಳೆಯ, ಇವತ್ತಿಗೂ ನಡೆಯುವ ದಂಧೆ. ಆಗ ಬೇರೆಲ್ಲಾ ಬಿಟ್ಟು ಮೊದಲು ಸೈಟನ್ನು ತಮ್ಮ ಕಂಪ್ಯೂಟರಿನಲ್ಲಿ ಇಟ್ಟುಕೊಂಡಿರುವ ಹೋಸ್ಟಿಂಗ್‌ನವರನ್ನು ಹಿಡಿಯಿರಿ.

ತಡೆ ಎಲ್ಲಿದೆ?

ವರ್ಡ್‌ಪ್ರೆಸ್‌ನ ಟಿಕ್ ಬಗ್ಗೆ ಆಗಲೇ ಹೇಳಿದೆ. ಅದು ಹಾಕಿದ್ದರೆ ಡ್ಯಾಶ್‌ಬೋರ್ಡಿನ ‘ಅಟ್ ಎ ಗ್ಲಾನ್ಸ್’ ಪೆಟ್ಟಿಗೆಯಲ್ಲೂ ‘ಸರ್ಚ್ ಎಂಜಿನ್ಸ್ ಡಿಸ್ಕರೇಜ್ಡ್’ ಅಂತ ಸಣ್ಣಕ್ಷರದಲ್ಲಿ ಕಾಣುತ್ತದೆ. ಅಲ್ಲಿ ಯಾರೂ ನೋಡುವುದಿಲ್ಲ, ಅದು ಬೇರೆ ಮಾತು. ಗೂಗಲ್‌ನ ಬ್ಲಾಗ್ ತಾಣವಾದ ಬ್ಲಾಗರ್‌ನಲ್ಲಿ ಬರೆಯುವವರು ಸೆಟ್ಟಿಂಗ್ಸ್‌ನಲ್ಲಿ ಪ್ರೈವೆಸಿ ಅನ್ನುವಲ್ಲಿ ‘ವಿಸಿಬಲ್ ಟು ಸರ್ಚ್ ಎಂಜಿನ್ಸ್’ ಆನ್ ಆಗಿದೆಯಾ ನೋಡಿ.

ಬೇರೆ ರೀತಿ ಕಟ್ಟಿದ ಸೈಟ್ ಆದರೆ ಪುಟ ತೆರೆದು ಕಂಟ್ರೋಲ್ ಮತ್ತು ಯು ಒಟ್ಟಿಗೆ ಒತ್ತಿ. ಪುಟದ ಹಿಂದಿನ ಕೋಡ್ ಬರುತ್ತದೆ. ಹೆದರಬೇಡಿ, ಅದನ್ನು ಓದಬೇಕಾಗಿಲ್ಲ. ಕಂಟ್ರೋಲ್ ಎಫ್ ಒತ್ತಿ ‘ನೋಇಂಡೆಕ್ಸ್’ ಎಂಬ ಪದವನ್ನು ಇಂಗ್ಲಿಷಿನಲ್ಲಿ ಹುಡುಕಿ. ರೋಬೋಟ್ಸ್ ಅನ್ನುವ ಮೆಟಾ ಟ್ಯಾಗಿನ (ಸರ್ಚ್ ಎಂಜಿನ್‌ಗಳಿಗೆ ಸೂಚನೆ ಕೊಡುವ, ಪುಟದಲ್ಲಿ ಕಾಣದ ಸಾಲಿನ) ಒಳಗೆ ಅದು ಸಿಕ್ಕಿದರೆ ಕಳ್ಳ ಸಿಕ್ಕಿದ.

ಇನ್ನೊಂದು ತಡೆ ರೋಬೋಟ್ಸ್ ಡಾಟ್ ಟಿಎಕ್ಸ್‌ಟಿ ಅನ್ನುವ ಪುಟ್ಟ ಕಡತ. ಇದು 1994ರಷ್ಟು ಹಳೆಯ ಪದ್ಧತಿ, ಗೂಗಲ್ ಹುಟ್ಟುವುದಕ್ಕೂ ಮೊದಲಿನದು. ನಿಮ್ಮ ಡೊಮೈನ್ ಹೆಸರು ಆದಮೇಲೆ ಒಂದು ಓರೆ ಗೆರೆ (/) ಹಾಕಿ ಈ ಕಡತದ ಹೆಸರು ಬರೆದರೆ ಬ್ರೌಸರ್‌ನಲ್ಲೇ ತೆರೆದುಕೊಳ್ಳುತ್ತದೆ. ಅದರಲ್ಲಿ ‘ಡಿಸ್‌ಅಲೋ’ ಅಂತ ಬರೆದು, ಕೋಲನ್ ಆದಮೇಲೆ ಬರೀ ಒಂದು ಓರೆ ಗೆರೆ ಇದ್ದರೆ ಇಡೀ ಸೈಟ್ ಬಂದ್. ಕೋಲನ್ ಆದಮೇಲೆ ಏನೂ ಇಲ್ಲದಿದ್ದರೆ ಇಡೀ ಸೈಟ್ ಮುಕ್ತ. ಒಂದು ಗೆರೆಯ ವ್ಯತ್ಯಾಸ ನೋಡಿ!

ಈ ಎರಡು ತಡೆಗಳನ್ನು ಜನ ಒಂದೇ ಅಂದುಕೊಳ್ಳುತ್ತಾರೆ. ಒಂದೇ ಅಲ್ಲ. ರೋಬೋಟ್ಸ್ ಕಡತ ಅಂದರೆ ಗೇಟಿಗೆ ಹಾಕಿದ ಬೋರ್ಡ್: ಒಳಗೆ ಬರಬೇಡಿ. ನೋಇಂಡೆಕ್ಸ್ ಅಂದರೆ ಮನೆಯೊಳಗೆ ಮೇಜಿನ ಮೇಲಿಟ್ಟ ಚೀಟಿ: ನಮ್ಮ ಹೆಸರು ಬರೆದುಕೊಳ್ಳಬೇಡಿ. ಗೇಟು ಹಾಕಿದ್ದರೆ ಗೂಗಲ್ ಒಳಗೆ ಬರುವುದೇ ಇಲ್ಲ, ಹಾಗಾಗಿ ಚೀಟಿ ಓದುವುದೂ ಇಲ್ಲ. ಅಷ್ಟರಲ್ಲಿ ಬೇರೆ ಯಾರಾದರೂ ನಿಮ್ಮ ವಿಳಾಸ ಕೊಟ್ಟಿದ್ದರೆ ಒಳಗೆ ಏನಿದೆ ಅಂತ ಗೊತ್ತಿಲ್ಲದೆಯೇ ಬರೀ ವಿಳಾಸವನ್ನು ಪಟ್ಟಿಗೆ ಸೇರಿಸಿಕೊಂಡುಬಿಡಬಹುದು. ವಿವರಣೆಯೇ ಇಲ್ಲದ ಬೋಳು ಫಲಿತಾಂಶ ಬರುವುದು ಹೀಗೆ. ಆದ್ದರಿಂದ ಒಂದು ಪುಟ ನಿಜವಾಗಿಯೂ ಕಾಣಬಾರದು ಅಂತಿದ್ದರೆ ನೋಇಂಡೆಕ್ಸ್ ಹಾಕಿ, ಗೇಟ್ ತೆರೆದಿಡಿ.

‘ಕಮಿಂಗ್ ಸೂನ್’ ಪ್ಲಗಿನ್, ಅಂದರೆ ವರ್ಡ್‌ಪ್ರೆಸ್‌ಗೆ ಸೇರಿಸುವ ಪುಟ್ಟ ತಂತ್ರಾಂಶ, ಹಾಕಿಟ್ಟು ಮರೆತವರೂ ಇದ್ದಾರೆ. ನೀವು ಲಾಗಿನ್ ಆಗಿರುವುದರಿಂದ ನಿಮಗೆ ಸೈಟ್ ಪೂರ್ತಿ ಕಾಣುತ್ತದೆ, ಊರಿಗೆಲ್ಲಾ ‘ಶೀಘ್ರದಲ್ಲೇ ಬರಲಿದೆ’ ಅಂತಷ್ಟೇ ಕಾಣುತ್ತದೆ. ಬ್ರೌಸರಿನ ಇನ್‌ಕಾಗ್ನಿಟೊ ಕಿಟಕಿಯಲ್ಲಿ ಒಮ್ಮೆ ತೆರೆದು ನೋಡಿದರೆ ಗೊತ್ತಾಗುತ್ತದೆ.

ಕನ್ನಡದವರಿಗೇ ಇರುವ ತಾಪತ್ರಯ

ಇಂಗ್ಲಿಷ್ ಮಾರ್ಗದರ್ಶಿಗಳಲ್ಲಿ ಈ ಭಾಗ ಸಿಗುವುದಿಲ್ಲ. ಅದಕ್ಕೇ ಸ್ವಲ್ಪ ನಿಧಾನಕ್ಕೆ ಹೇಳುತ್ತೇನೆ.

ಅತ್ತಿಗೆಯ ಸೈಟಿನಲ್ಲಿ ‘ನಮ್ಮ ಬಗ್ಗೆ’ ಅನ್ನುವ ಪುಟವಿತ್ತು. ಮಾವ ಹಿಂದೆ ಬರೆದಿಟ್ಟ ಲೇಖನವನ್ನೇ ತಂದು ಅಂಟಿಸಿದ್ದರು. ‘ನುಡಿ’ ಅನ್ನುವ ಹಳೇ ಕನ್ನಡ ಫಾಂಟಿನಲ್ಲಿ ಟೈಪ್ ಮಾಡಿದ್ದು. ಅವರ ಲ್ಯಾಪ್‌ಟಾಪಿನಲ್ಲಿ ಆ ಫಾಂಟ್ ಇದ್ದುದರಿಂದ ಕನ್ನಡವೇ ಕಾಣುತ್ತಿತ್ತು. ನನ್ನ ಫೋನಿನಲ್ಲಿ ತೆರೆದರೆ ದೊಡ್ಡ ಪಿ ಅಕ್ಷರ, ತಲೆ ಮೇಲೆ ಗೀಟು ಎಳೆದ ಎ, ಪೌಂಡಿನ ಚಿಹ್ನೆ, ಮತ್ತೆ ಅದೇ ಎ. ಮಂತ್ರವಾದಿ ಬರೆದ ಹಾಗೆ. ಯಾಕೆಂದರೆ ಹಳೆಯ ನುಡಿ, ಬರಹ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಚಿತ್ರ ಕೂರಿಸುತ್ತಿದ್ದವು. ಕಣ್ಣಿಗೆ ‘ಕನ್ನಡ’ ಅಂತ ಕಂಡರೂ ಕಂಪ್ಯೂಟರಿನೊಳಗೆ ಇರುವುದು ಆ ಪಿ, ಎ, ಪೌಂಡು. ಗೂಗಲ್ ಓದುವುದು ಒಳಗಿರುವುದನ್ನು. ಅದಕ್ಕೆ ಅಲ್ಲಿ ಕನ್ನಡವೇ ಇಲ್ಲ.

ಯುನಿಕೋಡ್‌ನಲ್ಲಿ ಮಾತ್ರ ಪ್ರತಿ ಕನ್ನಡ ಅಕ್ಷರಕ್ಕೂ ಅದರದ್ದೇ ಜಾಗವಿದೆ. ಫೋನಿನ ಕೀಬೋರ್ಡಿನಲ್ಲಿ ಟೈಪ್ ಮಾಡಿದರೆ ಬರುವುದು ಯುನಿಕೋಡೇ. ನುಡಿ, ಬರಹ ತಂತ್ರಾಂಶಗಳಲ್ಲೂ ಯುನಿಕೋಡ್ ಆರಿಸಿಕೊಳ್ಳುವ ಅವಕಾಶವಿದೆ. ಹಳೆಯ ಲೇಖನಗಳನ್ನು ಬದಲಾಯಿಸಿಕೊಡುವ ಕನ್ವರ್ಟರ್‌ಗಳು ಆನ್‌ಲೈನ್‌ನಲ್ಲಿ ಪುಕ್ಕಟೆ ಸಿಗುತ್ತವೆ. ಬದಲಾಯಿಸಿದ ಮೇಲೆ ಅರ್ಕಾವೊತ್ತು, ಒತ್ತಕ್ಷರ, ಅಂಕಿಗಳನ್ನು ಒಮ್ಮೆ ಓದಿ ನೋಡಿ, ಅಲ್ಲೇ ಎಡವಟ್ಟಾಗುವುದು ಜಾಸ್ತಿ. ಅನುಮಾನವಿದ್ದರೆ ಒಂದು ಸುಲಭ ಪರೀಕ್ಷೆ: ನಿಮ್ಮ ಪುಟದಿಂದ ಒಂದು ಸಾಲು ಕಾಪಿ ಮಾಡಿ ವಾಟ್ಸಾಪ್‌ಗೆ ಪೇಸ್ಟ್ ಮಾಡಿ. ಕನ್ನಡವಾಗಿಯೇ ಬಂದರೆ ಸರಿ.

ಇನ್ನೊಂದು ರೋಗ ಪೋಸ್ಟರು. ನಮ್ಮಲ್ಲಿ ಎಲ್ಲವನ್ನೂ ಚೆಂದದ ಚಿತ್ರ ಮಾಡಿ ಹಾಕುವ ಚಟ ಇದೆ. ಬೆಲೆಪಟ್ಟಿ ಚಿತ್ರ, ವಿಳಾಸ ಚಿತ್ರ, ಕಾರ್ಯಕ್ರಮದ ಆಮಂತ್ರಣವೂ ಚಿತ್ರ. ಚಿತ್ರದೊಳಗಿನ ಅಕ್ಷರವನ್ನು ನಂಬಿಕೊಂಡು ಗೂಗಲ್‌ನಲ್ಲಿ ಕಾಣಿಸಿಕೊಳ್ಳುತ್ತೇನೆ ಅಂದುಕೊಳ್ಳಬೇಡಿ. ಚಿತ್ರ ಇರಲಿ, ಅದೇ ವಿಷಯವನ್ನು ಕೆಳಗೆ ಅಕ್ಷರದಲ್ಲೂ ಬರೆಯಿರಿ. ಚಿತ್ರಕ್ಕೆ ಆಲ್ಟ್ ಟೆಕ್ಸ್ಟ್ ಅಂತ ಒಂದು ಜಾಗ ಇರುತ್ತದೆ, ಅಲ್ಲಿ ಚಿತ್ರದಲ್ಲಿ ಏನಿದೆ ಅಂತ ಒಂದು ವಾಕ್ಯ ಬರೆದರೆ ಸಾಕು. ಕಣ್ಣು ಕಾಣದವರಿಗೂ ಅದು ಉಪಯೋಗ.

ಇನ್ನು ವಿಳಾಸ, ಅಂದರೆ ಯುಆರ್‌ಎಲ್. ಕನ್ನಡದಲ್ಲಿ ಶೀರ್ಷಿಕೆ ಕೊಟ್ಟರೆ ವರ್ಡ್‌ಪ್ರೆಸ್ ಯುಆರ್‌ಎಲ್ಲನ್ನೂ ಕನ್ನಡದಲ್ಲೇ ಮಾಡುತ್ತದೆ. ನೋಡೋಕೆ ಖುಷಿ. ಆದರೆ ಒಳಗೆ ಒಂದೊಂದು ಕನ್ನಡ ಅಕ್ಷರವೂ, ಒಂದೊಂದು ಸ್ವರಚಿಹ್ನೆಯೂ, ಒತ್ತಕ್ಷರದೊಳಗೆ ಅಡಗಿರುವ ಹಲಂತವೂ ಶೇಕಡಾ ಚಿಹ್ನೆಗಳ ಜೊತೆ 9 ಅಕ್ಷರಗಳಾಗಿ ಹಿಗ್ಗುತ್ತದೆ. ‘ಅಪ್ಪೆಮಿಡಿ’ ಅನ್ನುವುದು 81 ಅಕ್ಷರ. ‘ಉಪ್ಪಿನಕಾಯಿ’ 90. ನಡುವಿನ ಅಡ್ಡಗೆರೆ ಸೇರಿ 172. ವರ್ಡ್‌ಪ್ರೆಸ್ ಈ ಭಾಗಕ್ಕೆ ಕೊಟ್ಟಿರುವ ಮಿತಿ 200. ಮೂರನೇ ಪದ ಬರುವ ಹೊತ್ತಿಗೆ ಕತ್ತರಿ ಬೀಳುತ್ತದೆ. ‘ಅಪ್ಪೆಮಿಡಿ ಉಪ್ಪಿನಕಾಯಿ ಮಾಡುವ ವಿಧಾನ’ ಅಂತ ಬರೆದರೆ ವಿಳಾಸದಲ್ಲಿ ಮಾಡುವುದೂ ಇಲ್ಲ, ವಿಧಾನವೂ ಇಲ್ಲ. ಆ ಕೊಂಡಿಯನ್ನು ಯಾರಿಗಾದರೂ ವಾಟ್ಸಾಪ್ ಮಾಡಿದರೆ ಹೆಬ್ಬಾವಿನ ಹಾಗೆ ಕಾಣುತ್ತದೆ. ಬ್ಲಾಗರ್‌ನಲ್ಲಿ ಇದರ ಉಲ್ಟಾ: ಕನ್ನಡ ಶೀರ್ಷಿಕೆ ಅದಕ್ಕೆ ಅರ್ಥವಾಗದೆ ಎಲ್ಲಾ ಲೇಖನಗಳಿಗೂ ‘ಬ್ಲಾಗ್ ಪೋಸ್ಟ್’ ಅನ್ನುವ ಹೆಸರು ಕೊಟ್ಟು, ಮುಂದೆ ಒಂದು ನಂಬರ್ ಅಂಟಿಸುತ್ತದೆ.

ಕನ್ನಡ ಯುಆರ್‌ಎಲ್ ಗೂಗಲ್‌ಗೆ ಓದಲು ಬರುತ್ತದೆ, ಅದರಲ್ಲಿ ತಪ್ಪೇನಿಲ್ಲ. ಆದರೆ ನಾನಂತೂ ಈಗ ಎರಡು ಮೂರು ಪದದ ಚಿಕ್ಕ ವಿಳಾಸವನ್ನು ಇಂಗ್ಲಿಷ್ ಅಕ್ಷರದಲ್ಲೇ ಕೈಯಾರೆ ಕೊಡುತ್ತೇನೆ. ಪುಟ ಪ್ರಕಟಿಸುವ ಮೊದಲೇ ಕೊಡಿ. ಆಮೇಲೆ ಬದಲಾಯಿಸಿದರೆ ಹಳೆ ವಿಳಾಸದಿಂದ ಹೊಸದಕ್ಕೆ ರೀಡೈರೆಕ್ಟ್ ಮಾಡುವ ತಲೆನೋವು.

ಸರ್ಚ್ ಕನ್ಸೋಲ್: ಇದೊಂದು ಮಾತ್ರ ಬಿಡಬೇಡಿ

ಹಿಂದೆ ಗೂಗಲ್‌ನಲ್ಲಿ ಸೈಟ್ ವಿಳಾಸ ಬರೆದು ಸಲ್ಲಿಸುವ ಒಂದು ಸಾರ್ವಜನಿಕ ಪುಟವಿತ್ತು. 2018ರಲ್ಲಿ ಅದನ್ನು ತೆಗೆದುಹಾಕಿದರು. ಈಗ ದಾರಿ ಗೂಗಲ್ ಸರ್ಚ್ ಕನ್ಸೋಲ್. ಜಿಮೇಲ್ ಖಾತೆ ಇದ್ದರೆ ಸಾಕು, ಉಚಿತ.

ಒಳಗೆ ಹೋದ ಕೂಡಲೇ ಎರಡು ಪೆಟ್ಟಿಗೆ ಕಾಣುತ್ತವೆ. ಎಡಗಡೆಯದು ಡೊಮೈನ್. ಇದನ್ನು ಆರಿಸಿದರೆ ಡಬ್ಲ್ಯು ಡಬ್ಲ್ಯು ಡಬ್ಲ್ಯು ಇರುವುದು, ಇಲ್ಲದಿರುವುದು, ಎಸ್ ಇರುವ ಎಚ್‌ಟಿಟಿಪಿ, ಇಲ್ಲದ್ದು ಎಲ್ಲವೂ ಒಂದೇ ಕಡೆ ಸಿಗುತ್ತವೆ. ಆದರೆ ಡೊಮೈನ್ ಕೊಂಡ ಕಡೆ ಲಾಗಿನ್ ಆಗಿ, ಆ ಹೆಸರು ಯಾವ ಕಂಪ್ಯೂಟರಿಗೆ ಸೇರಬೇಕು ಅಂತ ಹೇಳುವ ಡಿಎನ್‌ಎಸ್ ಸೆಟ್ಟಿಂಗಿನಲ್ಲಿ ಟಿಎಕ್ಸ್‌ಟಿ ಅನ್ನುವ ಒಂದು ದಾಖಲೆ ಸೇರಿಸಬೇಕು. ಗೂಗಲ್ ಕೊಡುವ ಉದ್ದದ ಸಾಲನ್ನು ಅಲ್ಲಿ ಪೇಸ್ಟ್ ಮಾಡಿದರೆ ಆಯಿತು. ಕೆಲವೊಮ್ಮೆ ನಿಮಿಷದಲ್ಲಿ ಆಗುತ್ತದೆ, ಕೆಲವೊಮ್ಮೆ ಒಂದು ದಿನ ಕಾಯಬೇಕು. ಬಲಗಡೆಯದು ಯುಆರ್‌ಎಲ್ ಪ್ರಿಫಿಕ್ಸ್. ಇದರಲ್ಲಿ ನೀವು ಬರೆದ ವಿಳಾಸ ಮಾತ್ರ ಲೆಕ್ಕಕ್ಕೆ. ಒಂದು ಎಚ್‌ಟಿಎಂಎಲ್ ಕಡತವನ್ನು ಸೈಟಿಗೆ ಏರಿಸಿ, ಇಲ್ಲವೇ ಒಂದು ಮೆಟಾ ಟ್ಯಾಗನ್ನು ಪುಟದ ತಲೆಭಾಗದಲ್ಲಿ ಹಾಕಿ ‘ಇದು ನನ್ನದೇ’ ಅಂತ ತೋರಿಸಬಹುದು. ಆಮೇಲೆ ಆ ಕಡತವನ್ನೋ ಟ್ಯಾಗನ್ನೋ ಅಳಿಸಬೇಡಿ, ಗೂಗಲ್ ಆಗಾಗ ಮತ್ತೆ ನೋಡುತ್ತದೆ.

ಅತ್ತಿಗೆಯ ಡೊಮೈನ್ ಲಾಗಿನ್ ಅವರ ಹತ್ತಿರ ಇರಲಿಲ್ಲ. ಸೈಟ್ ಮಾಡಿಕೊಟ್ಟವರ ಹೆಸರಿನಲ್ಲೇ ಡೊಮೈನ್ ಇತ್ತು. ಇದು ಬಹಳ ಕಡೆ ನೋಡಿದ್ದೇನೆ. ದಯವಿಟ್ಟು ಡೊಮೈನ್ ನಿಮ್ಮ ಹೆಸರಿನಲ್ಲಿ, ನಿಮ್ಮ ಇಮೇಲ್‌ನಲ್ಲಿ ಇರಲಿ. ತೋಟದ ಪಹಣಿ ಬೇರೆಯವರ ಹೆಸರಲ್ಲಿಟ್ಟು ಅಡಿಕೆ ಸಸಿ ನೆಡುತ್ತೀರಾ?

ಮಾಲೀಕತ್ವ ಖಾತ್ರಿಯಾದ ಮೇಲೆ ಸೈಟ್‌ಮ್ಯಾಪ್ ಕೊಡಿ. ನಿಮ್ಮ ಸೈಟಿನಲ್ಲಿ ಯಾವ ಯಾವ ಪುಟಗಳಿವೆ, ಯಾವುದು ಯಾವಾಗ ಬದಲಾಯಿತು ಅಂತ ಹೇಳುವ ಪಟ್ಟಿ ಇದು. ನೀವು ಬರೆಯಬೇಕಾಗಿಲ್ಲ. ವರ್ಡ್‌ಪ್ರೆಸ್ 2020ರಿಂದ ತಾನೇ ಮಾಡಿಡುತ್ತದೆ. ಅದರ ಹೆಸರು ಡಬ್ಲ್ಯುಪಿ, ಅಡ್ಡಗೆರೆ, ಸೈಟ್‌ಮ್ಯಾಪ್, ಡಾಟ್ ಎಕ್ಸ್‌ಎಂಎಲ್. ಯೋಸ್ಟ್ ಪ್ಲಗಿನ್ ಹಾಕಿದ್ದರೆ ಹೆಸರು ಬೇರೆ, ಸೈಟ್‌ಮ್ಯಾಪ್ ಅಂಡರ್‌ಸ್ಕೋರ್ ಇಂಡೆಕ್ಸ್ ಡಾಟ್ ಎಕ್ಸ್‌ಎಂಎಲ್. ಬ್ಲಾಗರ್‌ನಲ್ಲಿ ಬರೀ ಸೈಟ್‌ಮ್ಯಾಪ್ ಡಾಟ್ ಎಕ್ಸ್‌ಎಂಎಲ್. ಮೊದಲು ಬ್ರೌಸರಿನಲ್ಲಿ ತೆರೆದು, ಇದೆ ಅಂತ ಖಾತ್ರಿ ಮಾಡಿಕೊಳ್ಳಿ. ಆಮೇಲೆ ಸರ್ಚ್ ಕನ್ಸೋಲಿನ ಎಡಗಡೆ ಸೈಟ್‌ಮ್ಯಾಪ್ಸ್ ಅನ್ನುವಲ್ಲಿ ಆ ಹೆಸರು ಹಾಕಿ ಸಬ್ಮಿಟ್ ಒತ್ತಿ. ಒಂದು ಸೈಟ್‌ಮ್ಯಾಪಿನಲ್ಲಿ 50,000 ವಿಳಾಸಗಳವರೆಗೆ ಹಿಡಿಸುತ್ತದೆ. ಅತ್ತಿಗೆಯದು ಹನ್ನೊಂದು.

ಈಗ ಮುಖ್ಯ ಕೆಲಸ. ಮೇಲ್ಗಡೆ ಉದ್ದನೆ ಹುಡುಕು ಪಟ್ಟಿ ಇದೆಯಲ್ಲ, ಅದೇ ಯುಆರ್‌ಎಲ್ ಇನ್‌ಸ್ಪೆಕ್ಷನ್. ಅಲ್ಲಿ ನಿಮ್ಮ ಮುಖಪುಟದ ಪೂರ್ತಿ ವಿಳಾಸ ಹಾಕಿ ಎಂಟರ್ ಒತ್ತಿ. ಪುಟ ಪಟ್ಟಿಯಲ್ಲಿದೆಯೋ ಇಲ್ಲವೋ, ಇಲ್ಲದಿದ್ದರೆ ಯಾಕೆ ಅಂತ ಅದೇ ಹೇಳುತ್ತದೆ. ‘ಟೆಸ್ಟ್ ಲೈವ್ ಯುಆರ್‌ಎಲ್’ ಒತ್ತಿದರೆ ಗೂಗಲ್ ಆ ಕ್ಷಣವೇ ಬಂದು ನೋಡಿ, ತನಗೆ ಪುಟ ಹೇಗೆ ಕಂಡಿತು ಅಂತ ಚಿತ್ರ ಸಮೇತ ತೋರಿಸುತ್ತದೆ. ಆ ಚಿತ್ರ ಫೋನಿನ ಪರದೆಯ ಅಳತೆಯಲ್ಲಿರುತ್ತದೆ, ಗಮನಿಸಿ. ಗೂಗಲ್ ಈಗ ಸೈಟುಗಳನ್ನು ಮೊಬೈಲ್ ಕಣ್ಣಿನಿಂದಲೇ ನೋಡುವುದು. ಕಂಪ್ಯೂಟರಿನಲ್ಲಿ ಮಾತ್ರ ಕಾಣುವ, ಫೋನಿನಲ್ಲಿ ಮಾಯವಾಗುವ ಬರಹ ಅದರ ಲೆಕ್ಕಕ್ಕೆ ಬರುವುದಿಲ್ಲ.

ಎಲ್ಲಾ ಸರಿಯಿದ್ದರೆ ‘ರಿಕ್ವೆಸ್ಟ್ ಇಂಡೆಕ್ಸಿಂಗ್’ ಒತ್ತಿ. ಒಂದು ಪುಟಕ್ಕೆ ಒಂದು ಸಲ ಸಾಕು. ದಿನಾ ಒತ್ತಿದರೆ ಬೇಗ ಬರುವುದಿಲ್ಲ, ದಿನಕ್ಕೆ ಇಷ್ಟೇ ಅಂತ ಮಿತಿಯೂ ಇದೆ. ಮುಖಪುಟಕ್ಕೂ, ಮುಖ್ಯವಾದ ಎರಡು ಮೂರು ಪುಟಗಳಿಗೂ ಒತ್ತಿ ಎದ್ದುಹೋಗಿ.

ಕಾಯುವ ಕಾಲದಲ್ಲಿ ಕಾಣುವ ಮಾತುಗಳು

ಕೆಲವು ದಿನಗಳಿಂದ ಕೆಲವು ವಾರಗಳವರೆಗೆ ಹಿಡಿಯಬಹುದು. ಅತ್ತಿಗೆಯ ಮುಖಪುಟ ಎಂಟನೇ ದಿನ ಬಂತು. ಉಳಿದವು ಒಂದೊಂದಾಗಿ ಬಂದವು. ಈ ನಡುವೆ ಸರ್ಚ್ ಕನ್ಸೋಲಿನ ಪೇಜಸ್ ವರದಿಯಲ್ಲಿ ವಿಚಿತ್ರ ಮಾತುಗಳು ಕಾಣುತ್ತವೆ. ಎಲ್ಲದಕ್ಕೂ ಹೆದರಬೇಕಾಗಿಲ್ಲ.

‘ಡಿಸ್ಕವರ್ಡ್, ಕರೆಂಟ್ಲಿ ನಾಟ್ ಇಂಡೆಕ್ಸ್ಡ್’ ಅಂದರೆ ವಿಳಾಸ ಗೊತ್ತಾಗಿದೆ, ಇನ್ನೂ ಬಂದಿಲ್ಲ. ಕಾಯಿರಿ. ‘ಪೇಜ್ ವಿತ್ ರೀಡೈರೆಕ್ಟ್’ ಅಂದರೆ ಆ ವಿಳಾಸ ಇನ್ನೊಂದಕ್ಕೆ ಕಳಿಸುತ್ತಿದೆ, ಸಾಮಾನ್ಯವಾಗಿ ಅದು ಸರಿಯೇ. ಯೋಚಿಸಬೇಕಾದ್ದು ‘ಕ್ರಾಲ್ಡ್, ಕರೆಂಟ್ಲಿ ನಾಟ್ ಇಂಡೆಕ್ಸ್ಡ್’ ಬಗ್ಗೆ. ಬಂದೆ, ಓದಿದೆ, ಸದ್ಯಕ್ಕೆ ಬೇಡ ಅನಿಸಿತು ಅಂತ ಅದರ ಅರ್ಥ. ಹೆಣ್ಣು ನೋಡಲು ಬಂದವರು ‘ಊರಿಗೆ ಹೋಗಿ ತಿಳಿಸ್ತೇವೆ’ ಅನ್ನುವ ಹಾಗೆ.

ಅತ್ತಿಗೆಯ ಮೂರು ಪುಟಗಳಿಗೆ ಇದೇ ಉತ್ತರ ಬಂತು. ಯಾಕೆ ಅಂತ ನೋಡಿದರೆ ಕಾಲು ಕಿಲೋ, ಅರ್ಧ ಕಿಲೋ, ಒಂದು ಕಿಲೋ ಅಂತ ಒಂದೇ ಉಪ್ಪಿನಕಾಯಿಗೆ ಮೂರು ಪುಟ. ಮೂರರಲ್ಲೂ ಅವೇ ಎರಡು ವಾಕ್ಯ. ಗೂಗಲ್ ಯಾಕೆ ಮೂರೂ ಇಟ್ಟುಕೊಳ್ಳಬೇಕು? ಮೂರನ್ನೂ ಸೇರಿಸಿ ಒಂದು ಪುಟ ಮಾಡಿದೆವು. ಮಿಡಿ ಎಲ್ಲಿಂದ ತರುತ್ತಾರೆ, ಸೊನೆ ಹೇಗೆ ಉಳಿಸಿಕೊಳ್ಳುತ್ತಾರೆ, ಎಷ್ಟು ದಿನ ಉಪ್ಪಿನಲ್ಲಿ ಇಡುತ್ತಾರೆ ಅಂತ ಅತ್ತಿಗೆ ಹೇಳುತ್ತಾ ಹೋದರು, ನಾನು ಟೈಪ್ ಮಾಡಿದೆ. ಆ ಪುಟ ಹತ್ತೇ ದಿನದಲ್ಲಿ ಬಂತು.

ಬೇರೆ ಸರ್ಚ್ ಎಂಜಿನ್‌ಗಳು

ಹೆಚ್ಚು ಹೊತ್ತು ಬೇಡ. ಬಿಂಗ್ ವೆಬ್‌ಮಾಸ್ಟರ್ ಟೂಲ್ಸ್‌ಗೆ ಹೋಗಿ, ಗೂಗಲ್ ಸರ್ಚ್ ಕನ್ಸೋಲಿನಿಂದ ಇಂಪೋರ್ಟ್ ಮಾಡಿ ಅನ್ನುವ ಗುಂಡಿ ಒತ್ತಿದರೆ ಎರಡು ನಿಮಿಷದ ಕೆಲಸ. ಯಾಹೂ, ಡಕ್‌ಡಕ್‌ಗೋ ಬಹುಮಟ್ಟಿಗೆ ಬಿಂಗ್‌ನ ಫಲಿತಾಂಶಗಳನ್ನೇ ಬಳಸುವುದರಿಂದ ಅಲ್ಲಿಗೂ ದಾರಿಯಾಯಿತು. ಇಂಡೆಕ್ಸ್‌ನೌ ಅಂತ 2021ರಲ್ಲಿ ಬಂದ ಒಂದು ವ್ಯವಸ್ಥೆಯಿದೆ, ಹೊಸ ಪುಟ ಹಾಕಿದ ತಕ್ಷಣ ಬಿಂಗ್, ಯಾಂಡೆಕ್ಸ್ ಮೊದಲಾದವಕ್ಕೆ ಸುದ್ದಿ ಮುಟ್ಟಿಸುತ್ತದೆ. ವರ್ಡ್‌ಪ್ರೆಸ್‌ಗೆ ಪ್ಲಗಿನ್ ಇದೆ. ಗೂಗಲ್ ಮಾತ್ರ ಇದಕ್ಕೆ ಸೇರಿಲ್ಲ. ‘ನಿಮ್ಮ ಸೈಟನ್ನು ನೂರು ಸರ್ಚ್ ಎಂಜಿನ್‌ಗೆ ಸಲ್ಲಿಸುತ್ತೇವೆ’ ಅನ್ನುವವರ ಕಡೆ ತಿರುಗಿಯೂ ನೋಡಬೇಡಿ.

ಪಟ್ಟಿಗೆ ಬಂತು, ಆದರೆ ಹುಡುಕಿದಾಗ ಬರುವುದಿಲ್ಲ

ಈಗ ನಿಮ್ಮ ಪದಗಳನ್ನು ನೋಡಿ. ಅತ್ತಿಗೆಯ ಮುಖಪುಟದ ಶೀರ್ಷಿಕೆ ‘ಸುಸ್ವಾಗತ’ ಅಂತಿತ್ತು. ಸುಸ್ವಾಗತ ಅಂತ ಯಾರು ಹುಡುಕುತ್ತಾರೆ? ಜನ ಹುಡುಕುವುದು ‘ಮಿಡಿ ಉಪ್ಪಿನಕಾಯಿ ಎಲ್ಲಿ ಸಿಗುತ್ತೆ’ ಅಂತ. ಶೀರ್ಷಿಕೆಯನ್ನು ‘ಅಪ್ಪೆಮಿಡಿ ಉಪ್ಪಿನಕಾಯಿ, ಸಾಗರದಿಂದ ನಿಮ್ಮ ಮನೆಗೆ’ ಅಂತ ಮಾಡಿದೆವು. ಇನ್ನೊಂದು ವಿಷಯ: ನಮ್ಮ ಜನ ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲೂ ಟೈಪ್ ಮಾಡುತ್ತಾರೆ. ಪುಟದಲ್ಲಿ ಒಂದು ಕಡೆಯಾದರೂ ಆ ಹೆಸರು ಇಂಗ್ಲಿಷ್ ಅಕ್ಷರದಲ್ಲಿ ಇರಲಿ. ಆದರೆ ಸಹಜವಾಗಿ ಇರಲಿ. ಕೊನೆಯಲ್ಲಿ ಇಪ್ಪತ್ತು ಸಲ ಅದೇ ಪದ ತುರುಕಿ, ಬಿಳಿ ಬಣ್ಣ ಹಚ್ಚಿ ಅಡಗಿಸುವ ಕಾಲ ಎಂದೋ ಹೋಯಿತು. ಈಗ ಅದು ಶಿಕ್ಷೆಗೆ ದಾರಿ. ಮೆಟಾ ಕೀವರ್ಡ್ಸ್ ಅನ್ನುವ ಜಾಗ ತುಂಬಿಸಲೂ ಕೂರಬೇಡಿ. ಅದನ್ನು ನೋಡುವುದೇ ಇಲ್ಲ ಅಂತ ಗೂಗಲ್ 2009ರಲ್ಲೇ ಹೇಳಿದೆ.

ಬೇರೆ ಸೈಟುಗಳಿಂದ ಬರುವ ಕೊಂಡಿಗಳು ಮುಖ್ಯ. ಗೂಗಲ್ ಹೊಸ ಪುಟಗಳನ್ನು ಕಂಡುಕೊಳ್ಳುವುದೇ ಹೆಚ್ಚಾಗಿ ಕೊಂಡಿ ಹಿಡಿದು. ನಿಮ್ಮ ಊರಿನ ಸುದ್ದಿ ಸೈಟು, ನೀವು ಮಾಲು ಕೊಡುವ ಅಂಗಡಿಯ ಸೈಟು, ನಿಮ್ಮ ಬಗ್ಗೆ ಬರೆದ ಸ್ನೇಹಿತರ ಬ್ಲಾಗು, ಹೀಗೆ ನಿಜವಾದ ಸಂಬಂಧ ಇರುವ ಕಡೆ ಕೇಳಿ. ಕನ್ನಡ ವಿಕಿಪೀಡಿಯಕ್ಕೆ ಹೋಗಿ ನಿಮ್ಮ ಅಂಗಡಿಯ ಕೊಂಡಿ ಅಂಟಿಸಬೇಡಿ. ಅಲ್ಲಿನ ಸ್ವಯಂಸೇವಕರು ತೆಗೆದುಹಾಕುತ್ತಾರೆ, ಜೊತೆಗೆ ಅಲ್ಲಿನ ಕೊಂಡಿಗಳಿಗೆ ‘ಇದನ್ನು ಲೆಕ್ಕಕ್ಕೆ ಹಿಡಿಯಬೇಡಿ’ ಅನ್ನುವ ನೋಫಾಲೋ ಗುರುತು ಇರುವುದರಿಂದ ಲಾಭವೂ ಇಲ್ಲ.

ಜನ ಬಂದುಹೋಗುವ ಅಂಗಡಿ, ಹೋಂಸ್ಟೇ, ಕ್ಲಿನಿಕ್ ಇದ್ದರೆ ಗೂಗಲ್ ಬಿಸಿನೆಸ್ ಪ್ರೊಫೈಲ್ ಮಾಡಿಕೊಳ್ಳಿ. ಅದೂ ಉಚಿತ. ಮ್ಯಾಪಿನಲ್ಲಿ ಬರುವುದು ಅದರಿಂದಲೇ. ವಿಳಾಸ ಖಾತ್ರಿಗೆ ಅಂಗಡಿಯ ಬೋರ್ಡು, ಒಳಗಿನ ಜಾಗ ಎಲ್ಲಾ ಕಾಣುವಂತೆ ವಿಡಿಯೊ ಕೇಳಬಹುದು.

ಮತ್ತೆ ಆ ಹದಿನೈದು ಸಾವಿರದವನ ವಿಷಯ. ಪಟ್ಟಿಗೆ ಸೇರಿಸಲು, ಮೇಲೆ ತೋರಿಸಲು ಗೂಗಲ್ ಯಾರಿಂದಲೂ ದುಡ್ಡು ತೆಗೆದುಕೊಳ್ಳುವುದಿಲ್ಲ. ದುಡ್ಡು ಕೊಟ್ಟರೆ ಬರುವುದು ಜಾಹೀರಾತು, ಅದರ ಮೇಲೆ ‘ಸ್ಪಾನ್ಸರ್ಡ್’ ಅಂತ ಬರೆದಿರುತ್ತದೆ. ಸೈಟಿನ ಕೆಲಸ ಮಾಡಿಕೊಡುವ ಒಳ್ಳೆಯವರೂ ಇದ್ದಾರೆ, ಅವರ ಶ್ರಮಕ್ಕೆ ಸಂಬಳ ಕೊಡುವುದು ನ್ಯಾಯ. ಆದರೆ ‘ಗೂಗಲ್‌ನಿಂದ ಮಾತಾಡ್ತಿದ್ದೇವೆ’ ಅಂತಲೋ ‘ಮೊದಲ ಸ್ಥಾನ ಗ್ಯಾರಂಟಿ’ ಅಂತಲೋ ಶುರುಮಾಡುವ ಕರೆಯನ್ನು ಅಲ್ಲೇ ಕಟ್ ಮಾಡಿ. ಅವನು ಮತ್ತೆ ಫೋನ್ ಮಾಡಿದಾಗ ಅತ್ತಿಗೆ “ನಮ್ಮ ಸೈಟಲ್ಲಿ ಎಂತ ತಪ್ಪಿದೆ ಅಂತ ಮೊದಲು ಹೇಳಿ” ಅಂದರಂತೆ. ಉತ್ತರ ಬರಲಿಲ್ಲ.

ತಿಂಗಳಿಗೊಮ್ಮೆ ಸರ್ಚ್ ಕನ್ಸೋಲಿನ ಪರ್ಫಾರ್ಮೆನ್ಸ್ ವರದಿ ತೆರೆಯಿರಿ. ಜನ ಏನೇನು ಟೈಪ್ ಮಾಡಿದಾಗ ನಿಮ್ಮ ಪುಟ ಕಂಡಿದೆ, ಎಷ್ಟು ಜನ ಒತ್ತಿದ್ದಾರೆ ಅಂತ ಅಲ್ಲಿರುತ್ತದೆ. ಅತ್ತಿಗೆಯ ಪುಟದಲ್ಲಿ ಎಲ್ಲೋ ಒಂದು ಸಾಲು ಇತ್ತು: ‘ಒದ್ದೆ ಚಮಚ ಹಾಕಬೇಡಿ, ಬೂಷ್ಟು ಹಿಡಿಯುತ್ತದೆ.’ ಕಳೆದ ತಿಂಗಳು ಜಾಸ್ತಿ ಜನಕ್ಕೆ ಆ ಪುಟ ಕಂಡಿದ್ದು ಉಪ್ಪಿನಕಾಯಿ ಕೊಳ್ಳಲು ಹುಡುಕಿದಾಗಲ್ಲ, ಬೂಷ್ಟು ಹಿಡಿದ ಉಪ್ಪಿನಕಾಯಿಗೆ ಏನು ಮಾಡುವುದು ಅಂತ ಹುಡುಕಿದಾಗ. ಈಗ ಅತ್ತಿಗೆ ಅದಕ್ಕೇ ಒಂದು ಪುಟ ಬರೆಯುತ್ತಿದ್ದಾರೆ, ಫೋನಿನಲ್ಲಿ, ಯುನಿಕೋಡ್‌ನಲ್ಲಿ. ಫೋಟೊಗೆ ಅಂತ ಒಂದು ಭರಣಿಗೆ ಬೇಕಂತಲೇ ಬೂಷ್ಟು ಹಿಡಿಸಲು ಇಟ್ಟಿದ್ದಾರಂತೆ. ಅಣ್ಣನಿಗೆ ಇನ್ನೂ ಗೊತ್ತಿಲ್ಲ.